ಪೆನ್ನಿನ ತುದಿಯಿಂದ ಕುರ್ಚಿಯವರೆಗೆ

ಎಲ್ಲರಿಗೂ ನಮಸ್ಕಾರ.

ದಯವಿಟ್ಟು ಯಾರೂ ಬೆನ್ನು ನೆಟ್ಟಗೆ ಮಾಡಿಕೊಳ್ಳಬೇಡಿ. ಡಿಜಿಟಲ್ ಚಿತ್ರಕಾರರು ಹೇಗೆ ಕುಳಿತು ಕೆಲಸ ಮಾಡಬೇಕು ಎಂದು ವಿಷಯ ಹೇಳಿದ ಕೂಡಲೇ ಸಭಾಂಗಣದ ತುಂಬ ಬೆನ್ನುಗಳು ಸೆಟೆದುಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಐದು ನಿಮಿಷವೂ ಆಗುವುದಿಲ್ಲ, ಎಲ್ಲವೂ ಮೊದಲಿನ ಆಕಾರಕ್ಕೆ ಮರಳಿರುತ್ತವೆ. ಮನಸ್ಸು ಗಟ್ಟಿ ಮಾಡಿಕೊಂಡು ನೆಟ್ಟಗೆ ಕೂರಲು ಯಾರಿಂದಲೂ ಆಗುವುದಿಲ್ಲ. ಚಿತ್ರ ಬರೆಯುವಾಗಲಂತೂ ಮನಸ್ಸು ಬೆನ್ನಿನ ಹತ್ತಿರ ಸುಳಿಯುವುದೂ ಇಲ್ಲ. ಅದು ಪೆನ್ನಿನ ತುದಿಯಲ್ಲಿ ಇರುತ್ತದೆ. ಕಣ್ಣು ತುದಿಯ ಹಿಂದೆ ಹೋಗುತ್ತದೆ, ತಲೆ ಕಣ್ಣಿನ ಹಿಂದೆ, ಬೆನ್ನು ತಲೆಯ ಹಿಂದೆ. ಆದ್ದರಿಂದ ಇವತ್ತು ನಾನು ಕುರ್ಚಿಯಿಂದ ಆರಂಭಿಸುವುದಿಲ್ಲ. ಪೆನ್ನಿನ ತುದಿಯನ್ನು ಎಲ್ಲಿ ಇಡುತ್ತೇವೆ ಎಂಬುದು ಇತ್ಯರ್ಥವಾದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಈ ಬುದ್ಧಿ ನನಗೆ ತಡವಾಗಿ ಬಂತು. ಬೆನ್ನುನೋವು ಶುರುವಾದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದ್ದೆ: ಕೈಗೆ ಎಟುಕುವುದಕ್ಕಿಂತ ಸ್ವಲ್ಪ ದುಬಾರಿಯಾದ ಕುರ್ಚಿ ಕೊಂಡೆ. ಮೇಜು ಹಳೆಯದೇ, ಅದರ ಮೇಲಿನ ಪೆನ್ ಡಿಸ್ಪ್ಲೇಯೂ, ಅಂದರೆ ಪೆನ್ನಿನಿಂದ ನೇರವಾಗಿ ಚಿತ್ರ ಬರೆಯುವ ಪರದೆಯೂ, ಹಳೆಯದೇ. ಕೆಲವು ತಿಂಗಳಿಗೆ ಬಲಗೈಯ ಕಿರುಬೆರಳು ಜೋಮು ಹಿಡಿಯತೊಡಗಿತು. ಚಿತ್ರಕಾರರ ಕೈ ಎಂದ ಮೇಲೆ ಇದು ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ಕಾರ್ಪಲ್ ಟನಲ್ ತೊಂದರೆ ಎಂದು ನಾನೇ ನಿರ್ಧರಿಸಿ, ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಓಡಾಡಿದೆ. ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಬೆರಳು?" ಕಾರ್ಪಲ್ ಟನಲ್‌ನಲ್ಲಿ ಒತ್ತಡಕ್ಕೆ ಸಿಲುಕುವ ಮೀಡಿಯನ್ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಸಂಬಂಧಿಸಿದ್ದು. ಕಿರುಬೆರಳಿಗೆ ಹೋಗುವುದು ಅಲ್ನಾರ್ ನರ. ಅದು ಹಾದುಹೋಗುವುದು ಮೊಣಕೈಯ ಒಳಬದಿಯಲ್ಲಿ, ಏನಾದರೂ ತಗುಲಿದರೆ ಕರೆಂಟು ಹೊಡೆದಂತಾಗುವ ಆ ಜಾಗದಲ್ಲಿ. ಹೊಸ ಕುರ್ಚಿ ಹಳೆಯದಕ್ಕಿಂತ ತಗ್ಗಾಗಿತ್ತು. ದಿನವಿಡೀ ನಾನು ಮೊಣಕೈಯನ್ನು ಮೇಜಿನ ಚೂಪು ಅಂಚಿಗೆ ಒತ್ತಿಟ್ಟು ಗೆರೆ ಎಳೆಯುತ್ತಿದ್ದೆ. ಬೆನ್ನಿಗೆಂದು ಹಣ ಕೊಟ್ಟು ಮೊಣಕೈ ನೋವನ್ನು ಮನೆಗೆ ತಂದುಕೊಂಡಿದ್ದೆ.

ಕೂತು ಕೈ ಆಡಿಸುವವರ ಈ ಪಾಡು ಹೊಸದೇನಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜ್ಜಿನಿ ಕಸುಬುದಾರರ ಕಾಯಿಲೆಗಳ ಬಗ್ಗೆ 1700ರಲ್ಲಿ ಬರೆದ ಪುಸ್ತಕಕ್ಕೆ 1713ರ ಆವೃತ್ತಿಯಲ್ಲಿ ಲಿಪಿಕಾರರನ್ನೂ ಸೇರಿಸಿದ. ಅವನು ಕೊಟ್ಟ ಕಾರಣಗಳು ಮೂರು: ಸದಾ ಕುಳಿತೇ ಇರುವುದು, ಕೈ ಒಂದೇ ದಿಕ್ಕಿನಲ್ಲಿ ಎಡೆಬಿಡದೆ ಚಲಿಸುವುದು, ತಪ್ಪಾಗಬಾರದೆಂಬ ಮನಸ್ಸಿನ ಬಿಗುವು. ಬರೆದು ಬರೆದು ಬಲಗೈ ಸೋತುಹೋದ ಒಬ್ಬ ಬರಹಗಾರನ ಪ್ರಸಂಗವನ್ನೂ ಹೇಳುತ್ತಾನೆ. ಆತ ಛಲ ಬಿಡದೆ ಎಡಗೈಯಲ್ಲಿ ಬರೆಯಲು ಕಲಿತ. ಸ್ವಲ್ಪ ಕಾಲದ ಮೇಲೆ ಅದೂ ಸೋತಿತು. ಕೈ ಬದಲಾಯಿಸಿದ, ಕೂರುವ ರೀತಿ ಬದಲಾಯಿಸಲಿಲ್ಲ.

ವರ್ಣಚಿತ್ರಕಾರರು ಇನ್ನೂ ಜಾಣರು. ಸಿಸ್ಟೈನ್ ಚಾಪೆಲ್‌ನ ಚಾವಣಿಗೆ ಬಣ್ಣ ಬಳಿಯುತ್ತಿದ್ದ ಮೈಕೆಲ್ಯಾಂಜೆಲೊ ತನ್ನ ದೇಹ ಬಿಲ್ಲಿನಂತೆ ಬಾಗಿದ್ದನ್ನೂ ಮುಖದ ಮೇಲೆ ಬಣ್ಣ ತೊಟ್ಟಿಕ್ಕುವುದನ್ನೂ ಪದ್ಯ ಕಟ್ಟಿ ಗೊಣಗಿದ. ಅವನಿಗೆ ಬೇರೆ ದಾರಿ ಇರಲಿಲ್ಲ, ಚಾವಣಿಯನ್ನು ಕೆಳಗಿಳಿಸಲು ಬರುವುದಿಲ್ಲ. ಆದರೆ ಸಂಧಿವಾತದಿಂದ ಕೈ ಮುರುಟಿಹೋಗಿದ್ದ ರೆನ್ವಾ ದೊಡ್ಡ ಚಿತ್ರಗಳಿಗಾಗಿ ಕ್ಯಾನ್ವಾಸೇ ಉರುಳಿ ಕೈಯ ಬಳಿಗೆ ಬರುವ ವ್ಯವಸ್ಥೆ ಮಾಡಿಕೊಂಡ. ಮುಪ್ಪಿನಲ್ಲಿ ಹಾಸಿಗೆ ಹಿಡಿದ ಮಾತಿಸ್ ಉದ್ದನೆಯ ಬಿದಿರಿನ ಕೋಲಿಗೆ ಇದ್ದಿಲು ಕಟ್ಟಿ ಗೋಡೆಯ ಮೇಲೆ ಬರೆದ. ಮೈಯನ್ನು ಚಿತ್ರದ ಬಳಿಗೆ ಬಗ್ಗಿಸುವ ಬದಲು ಚಿತ್ರವನ್ನು ಮೈಯ ಬಳಿಗೆ ತಂದುಕೊಂಡವರು ಇವರು. ನಮ್ಮ ಬಳಿ ಎತ್ತಲು, ಓರೆ ಮಾಡಲು, ಹತ್ತಿರಕ್ಕೆ ಎಳೆಯಲು ಬರುವ ಪರದೆಗಳಿವೆ. ಆದರೂ ಪೆಟ್ಟಿಗೆಯಿಂದ ತೆಗೆದ ದಿನ ಅದನ್ನು ಮೇಜಿನ ಮೇಲೆ ಹೇಗೆ ಇಟ್ಟೆವೋ ಹಾಗೆಯೇ ವರ್ಷಗಟ್ಟಲೆ ಬಿಡುತ್ತೇವೆ.

ಈಗ ಟ್ಯಾಬ್ಲೆಟ್ಟಿನ ವಿಷಯ. ಪರದೆ ಇರುವ ಪೆನ್ ಡಿಸ್ಪ್ಲೇ ಒಳ್ಳೆಯದೋ, ಪರದೆ ಇಲ್ಲದ ಸಾದಾ ಟ್ಯಾಬ್ಲೆಟ್ಟೋ ಎಂದು ವಿದ್ಯಾರ್ಥಿಗಳು ಸದಾ ಕೇಳುತ್ತಾರೆ. ಈ ಎರಡು ದಾರಿಗಳು ಹುಟ್ಟಿದ್ದು ಹೆಚ್ಚುಕಡಿಮೆ ಒಟ್ಟಿಗೇ. 1963ರಲ್ಲಿ ಐವನ್ ಸದರ್ಲ್ಯಾಂಡ್ ಅಮೆರಿಕದ ಎಂಐಟಿಯಲ್ಲಿ ರೂಪಿಸಿದ ಸ್ಕೆಚ್‌ಪ್ಯಾಡ್ ಎಂಬ ಚಿತ್ರ ಬರೆಯುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಬೆಳಕಿನ ಪೆನ್ನನ್ನು ನೇರವಾಗಿ ಪರದೆಗೇ ಹಿಡಿದು ಗೆರೆ ಎಳೆಯಬೇಕಿತ್ತು. ಮರುವರ್ಷ ಬಂದ ರ್ಯಾಂಡ್ ಟ್ಯಾಬ್ಲೆಟ್‌ನಲ್ಲಿ ಕೈ ಮೇಜಿನ ಮೇಲಿನ ಹಲಗೆಯಲ್ಲಿ, ಕಣ್ಣು ಎದುರಿನ ಪರದೆಯಲ್ಲಿ. ನಿಂತ ಪರದೆಗೆ ಬಹಳ ಹೊತ್ತು ಕೈ ಎತ್ತಿ ಹಿಡಿದಾಗ ಬರುವ ಸುಸ್ತಿಗೆ ಮುಂದೆ 'ಗೊರಿಲ್ಲಾ ತೋಳು' ಎಂಬ ಅಡ್ಡಹೆಸರೇ ಬಿತ್ತು. ಅದಕ್ಕೆ ಹೆದರಿ ಪರದೆಯನ್ನು ಮೇಜಿನ ಮೇಲೆ ಮಲಗಿಸಿದರೆ ತೋಳು ಉಳಿಯುತ್ತದೆ, ಕುತ್ತಿಗೆ ಹೋಗುತ್ತದೆ. ವಯಸ್ಕರ ತಲೆಯ ತೂಕ ಸುಮಾರು 5 ಕಿಲೋ. ಅಮೆರಿಕದ ಬೆನ್ನುಮೂಳೆ ತಜ್ಞ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಹಾಕಿದ ಲೆಕ್ಕದಂತೆ ತಲೆ 30 ಡಿಗ್ರಿ ಮುಂದೆ ಬಾಗಿದರೆ ಕುತ್ತಿಗೆಯ ಮೇಲೆ ಬೀಳುವ ಭಾರ 18 ಕಿಲೋದಷ್ಟು, 60 ಡಿಗ್ರಿಗೆ 27 ಕಿಲೋದಷ್ಟು. ಇದು ಮಾದರಿಯ ಮೇಲೆ ಮಾಡಿದ ಲೆಕ್ಕ, ಯಾರ ಕುತ್ತಿಗೆಯೊಳಗೂ ತಕ್ಕಡಿ ಇಟ್ಟು ತೂಗಿದ್ದಲ್ಲ. ಆದರೆ ಮಲಗಿಸಿದ ಪರದೆಯ ಮೇಲೆ ಮೂರು ಗಂಟೆ ಬಗ್ಗಿ ಎದ್ದವರಿಗೆ ಇದರ ದಿಕ್ಕು ಸರಿಯೆಂದು ಗೊತ್ತು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಒಪ್ಪದವರು ಬಹಳ ಮಂದಿ ಇದ್ದೀರಿ. ಕುತ್ತಿಗೆ ನೋವು ಆಗಲೇ ಶುರುವಾಗಿರುವವರಿಗೆ ಪರದೆ ಇಲ್ಲದ ಅಗ್ಗದ ಟ್ಯಾಬ್ಲೆಟ್ಟೇ ಮೇಲು. ಕಣ್ಣು ಎದುರಿಗೆ, ಕೈ ಕೆಳಗೆ. ಗೆರೆಗೆ ನಮ್ಮ ಕೈಯೇ ಅಡ್ಡ ಬರುವುದಿಲ್ಲ. ಕೈ ಒಂದು ಕಡೆ, ಕಣ್ಣು ಒಂದು ಕಡೆ ಎಂಬ ಕಸಿವಿಸಿ ಕೆಲವು ವಾರ ಕಾಡಿ ಬಿಟ್ಟುಹೋಗುತ್ತದೆ. ಪೆನ್ ಡಿಸ್ಪ್ಲೇಯ ಸುಖವೇ ಬೇರೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ, ಶಾಯಿಯ ಗೆರೆಯಂಥ ಗೆರೆ ಬೇಕಾದಾಗ ನಾನೂ ಅದನ್ನೇ ಬಳಸುತ್ತೇನೆ. ಆದರೆ ಅದನ್ನು ನಕ್ಷೆಗಾರರ ಹಲಗೆಯಂತೆ ಎಬ್ಬಿಸಿ ನಿಲ್ಲಿಸಬೇಕು, ಎದೆಯ ಹತ್ತಿರಕ್ಕೆ ಎಳೆದುಕೊಳ್ಳಬೇಕು, ಮುಂಗೈಗೆ ಎಲ್ಲಾದರೂ ಊರಲು ಆಸರೆ ಸಿಗಬೇಕು. ಜೊತೆಗೆ ಬರುವ ಪುಟ್ಟ ಕಾಲುಗಳು ಇದಕ್ಕೆ ಸಾಲುವುದಿಲ್ಲ. ಮೇಜಿನ ಅಂಚಿಗೆ ಬಿಗಿಯುವ ಮಡಚುತೋಳು ಕೊಳ್ಳಿ. ಕುರ್ಚಿಗೆಂದು ಎತ್ತಿಟ್ಟ ಹಣದಲ್ಲಿ ಮೊದಲ ಪಾಲು ಅದಕ್ಕೆ.

ಒಂದು ಪ್ರಯೋಗ ಮಾಡೋಣ. ಎಲ್ಲರೂ ಹೆಗಲು ಸಡಿಲ ಬಿಡಿ. ತೋಳುಗಳು ಪಕ್ಕದಲ್ಲಿ ತಾವಾಗಿಯೇ ಜೋತಾಡಲಿ. ಈಗ ಮೊಣಕೈ ಮಾತ್ರ ಮಡಚಿ, ಪೆನ್ನು ಹಿಡಿದಂತೆ ಬೆರಳು ಸೇರಿಸಿ. ನಿಮ್ಮ ಪೆನ್ನಿನ ತುದಿ ಇರಬೇಕಾದ ಎತ್ತರ ಅದು. ಈಗ ಲೆಕ್ಕ ಹಾಕಿ. ಕುರ್ಚಿಯ ಆಸನ ನೆಲದಿಂದ 45 ಸೆಂಟಿಮೀಟರ್ ಎನ್ನಿ, ಆಸನದಿಂದ ಮೊಣಕೈಗೆ 23, ಒಟ್ಟು 68. ಸಾಮಾನ್ಯ ಮೇಜು 75ರ ಆಸುಪಾಸು ಇರುತ್ತದೆ. ಅದರ ಮೇಲೆ ಪೆನ್ ಡಿಸ್ಪ್ಲೇಯ ಕೆಳ ಅಂಚು ಇನ್ನೂ 3. ಅಲ್ಲಿಗೆ 78. ನಡುವಿನ ಆ 10 ಸೆಂಟಿಮೀಟರನ್ನು ತುಂಬಿಕೊಡುವುದು ನಿಮ್ಮ ಹೆಗಲು. ಸಂಜೆಯ ಹೊತ್ತಿಗೆ ಕಿವಿಯ ಬಳಿಗೆ ಏರಿ ಕುಳಿತಿರುವ ಹೆಗಲು ಇಲ್ಲಿಂದ ಬಂದದ್ದು. ಮೇಜಿನ ಕಾಲು ಕತ್ತರಿಸಲು ಧೈರ್ಯವಿದ್ದರೆ ಕತ್ತರಿಸಿ. ಇಲ್ಲವಾದರೆ ಕುರ್ಚಿಯನ್ನು 10 ಸೆಂಟಿಮೀಟರ್ ಎತ್ತಿಸಿ, ನೇತಾಡುವ ಕಾಲುಗಳ ಕೆಳಗೆ ಗಟ್ಟಿಯಾದ ಪೆಟ್ಟಿಗೆಯನ್ನೋ ಮಣೆಯನ್ನೋ ಇಡಿ. ಕಾಲ್ಮಣೆ ಇಲ್ಲದೆ ಕುರ್ಚಿ ಮಾತ್ರ ಎತ್ತಿದರೆ ತೊಡೆಯ ಅಡಿಭಾಗ ಒತ್ತಿ, ಕಾಲು ಮರಗಟ್ಟುತ್ತದೆ.

ಟ್ಯಾಬ್ಲೆಟ್ಟಿನ ಗಾತ್ರದ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ದೊಡ್ಡದೇ ಉತ್ತಮ ಎಂದೇನಿಲ್ಲ. ತೀರ ಸಣ್ಣ ಟ್ಯಾಬ್ಲೆಟ್ಟನ್ನು ದೊಡ್ಡ ಮಾನಿಟರ್‌ಗೆ ಹೊಂದಿಸಿದರೆ ಬೆರಳು ಒಂದು ಮಿಲಿಮೀಟರ್ ಅಲ್ಲಾಡಿದರೆ ಗೆರೆ ನಾಲ್ಕು ಮಿಲಿಮೀಟರ್ ಓಡುತ್ತದೆ. ಅದನ್ನು ಹಿಡಿದಿಡಲು ಮಣಿಕಟ್ಟು ಬಿಗಿಯಾಗುತ್ತದೆ. ತೀರ ದೊಡ್ಡದಾದರೆ ಮೂಲೆಯ ಮೆನುಗಾಗಿ ದಿನಕ್ಕೆ ನೂರಾರು ಸಲ ತೋಳು ಚಾಚಬೇಕು. ಮಧ್ಯಮ ಗಾತ್ರ ಹೆಚ್ಚಿನವರಿಗೆ ಸಾಕು. ಉದ್ದನೆಯ ಗೆರೆ ಭುಜದಿಂದ ಬರಲಿ, ಮಧ್ಯದ್ದು ಮೊಣಕೈಯಿಂದ, ರೆಪ್ಪೆಗೂದಲಿನಂಥದ್ದು ಮಾತ್ರ ಬೆರಳಿನಿಂದ. ರೆಪ್ಪೆಗೂದಲು ಎಂದಾಗ ನೆನಪಾಯಿತು. ಅದನ್ನು ಬರೆಯುವಾಗ ಮೂಗು ಪರದೆಗೆ ತಾಗುವಷ್ಟು ಬಗ್ಗುತ್ತೇವೆ, ಜೂಮ್ ಮಾಡಲು ಒಂದು ಕೀಲಿ ಸಾಕಿದ್ದರೂ. ಕಾಗದದ ಕಾಲದ ಅಭ್ಯಾಸ ಮೈಯಿಂದ ಇಳಿದಿಲ್ಲ.

ಪೆನ್ನಿನ ಹಿಡಿತದ ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ಇದನ್ನು ಯಾರೂ ಗಮನಿಸುವುದಿಲ್ಲ. ಪೆನ್ನಿಗೆ 8192 ಹಂತದ ಒತ್ತಡ ಗೊತ್ತಾಗುತ್ತದೆ ಎಂದು ಪೆಟ್ಟಿಗೆಯ ಮೇಲೆ ಹೆಮ್ಮೆಯಿಂದ ಅಚ್ಚು ಹಾಕಿರುತ್ತಾರೆ. ಕೊನೆಯ ಹಂತ ಮುಟ್ಟಲು ನೀವು ಎಷ್ಟು ಜೋರಾಗಿ ಒತ್ತಬೇಕೆಂದು ಅಲ್ಲಿ ಇರುವುದಿಲ್ಲ. ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶವಾದ ಡ್ರೈವರ್‌ನ ಸೆಟ್ಟಿಂಗ್ ತೆರೆದು ಒತ್ತಡದ ರೇಖೆಯನ್ನು ಮೃದುವಿನ ಕಡೆಗೆ ಎಳೆಯಿರಿ; ಹಗುರವಾಗಿ ತಾಗಿಸಿದರೂ ದಪ್ಪ ಗೆರೆ ಬೀಳಬೇಕು. ಒತ್ತಬೇಕಾದಷ್ಟೂ ಪೆನ್ನನ್ನು ಬಿಗಿಯಾಗಿ ಹಿಡಿಯುತ್ತೇವೆ. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳು ಮಣಿಕಟ್ಟಿನ ಇಕ್ಕಟ್ಟಾದ ಓಣಿಯಲ್ಲಿ ಮೀಡಿಯನ್ ನರದ ಜೊತೆಗೇ ಹಾದುಹೋಗುತ್ತವೆ. ಬಿಗಿ ಹಿಡಿತಕ್ಕೆ ಬಾಗಿದ ಮಣಿಕಟ್ಟೂ ಸೇರಿದರೆ ಅಲ್ಲಿ ಒತ್ತಡ ಏರುತ್ತದೆ. ಸಪೂರ ಪೆನ್ನಿಗೆ ಮೆತ್ತನೆಯ ಸ್ಪಂಜಿನ ಕೊಳವೆ ತೊಡಿಸಿ ದಪ್ಪ ಮಾಡಿದರೆ ಬೆರಳಿನ ಚಿವುಟು ಸಡಿಲವಾಗುತ್ತದೆ. ಕಾಗದದ ಅನುಭವಕ್ಕೆಂದು ಅಂಟಿಸುವ ಒರಟು ಹಾಳೆಯನ್ನು ನಾನು ಕಿತ್ತು ಹಾಕಿದೆ. ನಿಬ್ಬನ್ನೂ ಸವೆಸುತ್ತದೆ, ಕೈಯನ್ನೂ.

ಇನ್ನು ಎಡಗೈ. ಬಲಗೈಗೆ ಇಷ್ಟೆಲ್ಲ ಉಪಚಾರ ಮಾಡುವ ನಾವು, ಸಾವಿರ ಸಲ ಅನ್‌ಡೂ ಒತ್ತುವ ಎಡಗೈಯನ್ನು ಮರೆಯುತ್ತೇವೆ. ಟ್ಯಾಬ್ಲೆಟ್ಟು ನಡುವಿಗೆ ಬಂದಾಗ ಕೀಬೋರ್ಡ್ ಅದರ ಹಿಂದಕ್ಕೆ ಸರಿದು, ಎಡತೋಳು ಇಡೀ ದಿನ ಚಾಚಿಕೊಂಡೇ ಇರುತ್ತದೆ. ಅದನ್ನು ಎಡಪಕ್ಕಕ್ಕೆ ತಂದು ಮೈಯ ಕಡೆಗೆ ಸ್ವಲ್ಪ ಓರೆ ಮಾಡಿ. ಅಥವಾ ಪದೇ ಪದೇ ಬೇಕಾಗುವ ಹತ್ತು ಆಜ್ಞೆಗಳನ್ನು ಸಣ್ಣ ಕೀಪ್ಯಾಡ್‌ಗೆ ಹಾಕಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಎಡಗೈಯವರು ನಾನು ಹೇಳಿದ್ದನ್ನೆಲ್ಲ ತಿರುವುಮುರುವು ಮಾಡಿಕೊಳ್ಳಬೇಕು. ಅವರಿಗೆ ಇದು ಬಾಲ್ಯದಿಂದ ಅಭ್ಯಾಸವಾಗಿರುತ್ತದೆ.

ಬೆಳಕಿನಿಂದಲೂ ಕುತ್ತಿಗೆ ನೋಯುತ್ತದೆ. ಓರೆಯಾಗಿ ನಿಂತ ಪೆನ್ ಡಿಸ್ಪ್ಲೇ ಚಾವಣಿಯ ದೀಪಕ್ಕೆ ಕನ್ನಡಿ ಹಿಡಿದಂತೆ. ಆ ಹೊಳಪನ್ನು ತಪ್ಪಿಸಲು ತಲೆ ತನಗೆ ಅರಿವಿಲ್ಲದೆಯೇ ಪಕ್ಕಕ್ಕೆ ವಾಲುತ್ತದೆ, ವಾಲಿದ್ದು ಹಾಗೇ ನಿಲ್ಲುತ್ತದೆ. ನೆತ್ತಿಯ ದೀಪ ಆರಿಸಿ, ಪರದೆಯ ಹಿಂದಿನ ಗೋಡೆಗೆ ಬೆಳಕು ಬಿಡಿ. ಪೂರ್ತಿ ಕತ್ತಲೆ ಬೇಡ. ಮಾನಿಟರ್ ತೋಳಳತೆಯ ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ. ಎರಡು ಬಗೆಯ ಗಾಜಿನ ಕನ್ನಡಕದವರು ಇನ್ನೂ ಕೆಳಗಿಳಿಸಬೇಕು, ಇಲ್ಲದಿದ್ದರೆ ಕೆಳಗಾಜಿನಿಂದ ನೋಡಲು ಗದ್ದ ಎತ್ತುತ್ತಾರೆ.

ಕುರ್ಚಿಯ ಮಾತು ಕೊನೆಗೆ ಬಂತು, ಮತ್ತು ಅದು ಚಿಕ್ಕದು. ಎತ್ತರ ಬದಲಾಗಬೇಕು, ಮೊಣಕಾಲಿನ ಹಿಂದೆ ಎರಡು ಮೂರು ಬೆರಳಿನ ಜಾಗ ಉಳಿಯಬೇಕು, ಬಲಗಡೆಯ ತೋಳಾಸರೆ ಮೇಜಿಗೆ ಬಡಿಯದಂತೆ ಕೆಳಗಿಳಿಯಬೇಕು. ಸೊಂಟ, ಮೊಣಕಾಲು ಎಲ್ಲವೂ 90 ಡಿಗ್ರಿಗೆ ಮಡಚಿರಬೇಕೆಂಬ ಚಿತ್ರಪಟವನ್ನು ನಂಬಬೇಡಿ. 1973ರಲ್ಲಿ ಹಾರಿದ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿ ಗಗನಯಾತ್ರಿಗಳ ದೇಹ ಭಾರವಿಲ್ಲದೆ ತಾನಾಗಿಯೇ ತಳೆದ ಭಂಗಿಯಲ್ಲಿ ತೊಡೆ ಮತ್ತು ಮುಂಡದ ನಡುವಿನ ಕೋನ 90 ಅಲ್ಲ, ಸುಮಾರು 128 ಇತ್ತು. ಡೆನ್ಮಾರ್ಕಿನ ಶಸ್ತ್ರವೈದ್ಯ ಎ. ಸಿ. ಮಾಂಡಲ್ ಮುಂದಕ್ಕೆ ಇಳಿಜಾರಾದ ಆಸನ, ಓರೆಯಾದ ಮೇಜು ಎರಡೂ ಜೊತೆಗೇ ಬೇಕೆಂದು ವಾದಿಸುತ್ತಿದ್ದರು. ನಮ್ಮಂಥವರಿಗೆಂದೇ ಹೇಳಿದಂತಿದೆ.

ಹಳೆಯ ಚಿತ್ರಶಾಲೆಯಲ್ಲಿ ನಮಗಿಲ್ಲದ ಒಂದು ಅನುಕೂಲ ಇತ್ತು. ಬಣ್ಣ ಒಣಗಲು ಕಾಯಬೇಕು, ಕುಂಚ ತೊಳೆಯಬೇಕು, ಪೆನ್ಸಿಲ್ ಕೆತ್ತಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಚಿತ್ರ ಹೇಗಿದೆಯೆಂದು ನೋಡಲು ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ನಮ್ಮ ಬಣ್ಣ ಒಣಗಿಯೇ ಹುಟ್ಟುತ್ತದೆ, ಹಿಂದೆ ಸರಿಯುವ ಬದಲು ಇಡೀ ಚಿತ್ರವನ್ನು ಚಿಕ್ಕದಾಗಿ ತೋರಿಸುವ, ಪರದೆಯ ಮೂಲೆಯ ಪುಟ್ಟ ಕಿಟಕಿ ನೋಡುತ್ತೇವೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ ಎಂದು ಕಣ್ಣಿನ ವೈದ್ಯರು ಹೇಳುತ್ತಾರೆ. ನಾನು ಗಡಿಯಾರ ಇಟ್ಟು ನೋಡಿದೆ; ಸದ್ದು ಮಾಡಿದಾಗಲೆಲ್ಲ ಬೈದುಕೊಂಡು ಆರಿಸಿದೆ. ಆಮೇಲೆ ಆ ಪುಟ್ಟ ಕಿಟಕಿಯನ್ನೇ ಮುಚ್ಚಿದೆ. ಈಗ ಚಿತ್ರ ಪೂರ್ತಿಯಾಗಿ ಕಾಣಬೇಕೆಂದರೆ ಎದ್ದು ಎದುರು ಗೋಡೆಯವರೆಗೆ ಹೋಗಲೇಬೇಕು. ಹೋಗಿ ನಿಂತಾಗ ಮೂಗು ಸೊಟ್ಟಗಿರುವುದು ಕಾಣುತ್ತದೆ, ಬೆನ್ನೂ ಬಿಡಿಸಿಕೊಂಡಿರುತ್ತದೆ.

ಜೋಮು ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಕೈಯಿಂದ ವಸ್ತುಗಳು ಜಾರುತ್ತಿದ್ದರೆ ಮೇಜು ಕುರ್ಚಿ ಸರಿಸುತ್ತ ದಿನ ಕಳೆಯಬೇಡಿ, ವೈದ್ಯರನ್ನು ಕಾಣಿರಿ. ನಾನು ತಡ ಮಾಡಿದ್ದಕ್ಕೆ ನನ್ನ ಕಿರುಬೆರಳು ಚಳಿಗಾಲದಲ್ಲಿ ಈಗಲೂ ತಗಾದೆ ತೆಗೆಯುತ್ತದೆ.

ವೇದಿಕೆಯ ಮೇಲೆ ಒಂದು ಮೇಜು, ಕುರ್ಚಿ, ಎರಡೂ ಬಗೆಯ ಟ್ಯಾಬ್ಲೆಟ್ಟು ಇಟ್ಟಿದ್ದೇನೆ; ಅಳತೆಯ ಟೇಪು ನನ್ನ ಕೈಯಲ್ಲಿದೆ. ಒಬ್ಬೊಬ್ಬರಾಗಿ ಬನ್ನಿ, ಮೊಣಕೈಯ ಎತ್ತರ ಅಳೆದು ಬರೆದುಕೊಡುತ್ತೇನೆ. ಮನೆಗೆ ಹೋಗಿ ನಿಮ್ಮ ಮೇಜಿನ ಪಕ್ಕದಲ್ಲಿ ಆ ಅಂಕಿಯನ್ನು ಇಟ್ಟು ನೋಡಿ. ಮುಂದಿನ ಸಾಲಿನವರು ಮೊದಲು ಬನ್ನಿ.