ಇದು ಯಾರ ಮಿದುಳು?

ನಮಸ್ಕಾರ. ಗಾಂಧಿ ಬಜಾರಿನ ಕಡೆಯಿಂದ ನಡೆದು ಬಂದವರು ಪುಣ್ಯವಂತರು. ಸಿಲ್ಕ್ ಬೋರ್ಡ್ ದಾಟಿಕೊಂಡು ಬಂದವರು ಯಾರಾದರೂ ಇದ್ದರೆ ಅವರಿಗೆ ಇನ್ನೊಂದು ನಮಸ್ಕಾರ.

"ಮಿದುಳಿನ ಬಗ್ಗೆ ಓದಲೇಬೇಕಾದ ಹತ್ತು ಪುಸ್ತಕ ಹೇಳಿಬಿಡಿ ಮೇಡಂ" ಅಂತ ನನ್ನನ್ನು ಕರೆದವರು ಕೇಳಿದ್ದರು. ಹತ್ತರ ಪಟ್ಟಿ ನನ್ನಿಂದಾಗದು ಅಂದೆ. ಈ ಬಟ್ಟೆ ಚೀಲದಲ್ಲಿ ಹಿಡಿಸಿದಷ್ಟು ತಂದಿದ್ದೇನೆ. ನಾನು ಡಾಕ್ಟರೂ ಅಲ್ಲ, ವಿಜ್ಞಾನಿಯೂ ಅಲ್ಲ. 31 ವರ್ಷ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು. ಅಷ್ಟೂ ವರ್ಷ "ಮಾನವನ ಮಿದುಳಿನ ನೀಳಛೇದದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಅನ್ನುವ ಪ್ರಶ್ನೆಗೆ ಅಂಕ ಹಾಕಿದ್ದೇನೆ. ಮಹಾಮಸ್ತಿಷ್ಕ, ಅನುಮಸ್ತಿಷ್ಕ, ಮೆಡುಲ್ಲಾ. ಬರೆದು ಬರೆದು ಕೈ ಎಷ್ಟು ಪಳಗಿತ್ತೆಂದರೆ ಹಿಂದಿನ ಬೆಂಚಿನವರ ಮೇಲೆ ಕಣ್ಣಿಟ್ಟುಕೊಂಡೇ ಬೋರ್ಡಿನ ಮೇಲೆ ಮಿದುಳು ಎಳೆಯುತ್ತಿದ್ದೆ. ಆ ಮಿದುಳು ಯಾರದೂ ಆಗಿರಲಿಲ್ಲ.

ಅದು ಒಬ್ಬರದು ಅಂತ ಅನ್ನಿಸಿದ್ದು ನಮ್ಮ ದೊಡ್ಡಮ್ಮನಿಗೆ ಲಕ್ವ ಹೊಡೆದಾಗ. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಉಳಿದದ್ದು ಒಂದೇ ಪದ: "ಆಯ್ತು". ಕಾಫಿ ಕೊಡಲಾ ಅಂದರೆ ಆಯ್ತು, ನೋವಿದೆಯಾ ಅಂದರೆ ಆಯ್ತು, ಸಿಟ್ಟಿಗೂ ಅದೇ ಆಯ್ತು, ಎಳೆಯುವ ಧಾಟಿ ಮಾತ್ರ ಬೇರೆ. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಸೊಸೆ ಹುಳಿಗೆ ಉಪ್ಪು ಎರಡು ಸಲ ಹಾಕಿದ್ದನ್ನು ಕಣ್ಣಲ್ಲೇ ತೋರಿಸಿಕೊಟ್ಟವರು ಅವರು.

ಆಗ ನನಗೆ ನೆನಪಾದದ್ದು ಪ್ಯಾರಿಸ್ಸಿನ ಲೆಬೋರ್ನ್. ಅವನು ಆಸ್ಪತ್ರೆಯಲ್ಲಿ 21 ವರ್ಷ "ಟಾನ್, ಟಾನ್" ಅಂತ ಮಾತ್ರ ಹೇಳುತ್ತ ಕಳೆದವನು. ಸಿಟ್ಟು ನೆತ್ತಿಗೇರಿದರೆ ಒಂದು ಬೈಗುಳವೂ ಬರುತ್ತಿತ್ತಂತೆ. 1861ರಲ್ಲಿ ಅವನು ಸತ್ತಮೇಲೆ ಪಾಲ್ ಬ್ರೋಕಾ ಎಂಬ ವೈದ್ಯ ಅವನ ಮಿದುಳು ತೆಗೆದು, ಎಡಭಾಗದಲ್ಲಿ ಮುಂದುಗಡೆ ಹಾಳಾಗಿದ್ದ ಜಾಗ ತೋರಿಸಿದ. ಮಾತಾಡುವ ಶಕ್ತಿ ಅಲ್ಲಿದೆ ಎಂದ. ನಾನು ಕ್ಲಾಸಿನಲ್ಲಿ ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ. ಆ 21 ವರ್ಷ ಅವನಿಗೆ ಹೇಗಿದ್ದೀತು ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ಒಂದು ಶುಕ್ರವಾರ ಸಂಜೆ ದೀಪ ಹಚ್ಚಿ ನಮ್ಮಕ್ಕ ಪುರಂದರದಾಸರ ಒಂದು ದೇವರನಾಮ ಎತ್ತಿಕೊಂಡಳು. ಮಂಚದ ಮೇಲಿಂದ ದೊಡ್ಡಮ್ಮ ಜೊತೆಗೆ ಹಾಡತೊಡಗಿದರು. ಪಲ್ಲವಿಯಷ್ಟೇ ಅಲ್ಲ, ಮೂರೂ ಚರಣ, ಒಂದಕ್ಷರ ತಪ್ಪದೆ. ಮನೆಯವರೆಲ್ಲ ಅತ್ತೆವು. ಇನ್ನೇನು ಮಾತು ಬಂದೇಬಿಟ್ಟಿತು ಅಂದುಕೊಂಡು ಅಣ್ಣ ಹತ್ತಿರ ಹೋಗಿ "ಅಮ್ಮಾ, ನನ್ನ ಹೆಸರೇನು ಹೇಳು" ಅಂದ. ದೊಡ್ಡಮ್ಮ "ಆಯ್ತು" ಅಂದರು.

ಇದಕ್ಕೆ ಉತ್ತರ ಹುಡುಕುತ್ತ ನಾನು ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳ ಮೆಟ್ಟಿಲು ಹತ್ತಿದ್ದು. ಮೊದಲು ಸಿಕ್ಕಿದ್ದು ಇದು, ಆಲಿವರ್ ಸ್ಯಾಕ್ಸ್ ಅವರ ‘ಮ್ಯೂಸಿಕೋಫೀಲಿಯಾ’, 2007ರದ್ದು. ಮಾತು ಕಳೆದುಕೊಂಡೂ ಹಾಡಬಲ್ಲವರ ಬಗ್ಗೆ ಇದರಲ್ಲಿ ಒಂದು ಅಧ್ಯಾಯವೇ ಇದೆ. ಸ್ವಂತ ವಾಕ್ಯ ಕಟ್ಟುವುದು ಒಂದು ಕೆಲಸ, ರಾಗದ ಜೊತೆ ಬಾಯಿಪಾಠವಾದದ್ದನ್ನು ಹರಿಯಬಿಡುವುದು ಇನ್ನೊಂದು ಕೆಲಸ. ಮೊದಲನೆಯದರ ದಾರಿ ಮುಚ್ಚಿದರೂ ಎರಡನೆಯದು ತೆರೆದಿರಬಹುದು. ಸ್ಯಾಕ್ಸ್ ವೈದ್ಯರು. ಆದರೆ ಅವರು ರೋಗಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಬರೆಯುತ್ತಾರೆ, ರೋಗಿ ಏನು ತಿನ್ನುತ್ತಾನೆ, ಯಾವುದಕ್ಕೆ ನಗುತ್ತಾನೆ ಎಲ್ಲ ಬರುತ್ತದೆ. ಅಲ್ಲಿಂದ ಮುಂದೆ ಮಿದುಳಿನ ಯಾವ ಪುಸ್ತಕ ಕೈಗೆತ್ತಿಕೊಂಡರೂ ನನ್ನದು ಒಂದೇ ಪ್ರಶ್ನೆ: ಇದು ಯಾರ ಮಿದುಳು?

ಈ ಪ್ರಶ್ನೆಯನ್ನು ಅತ್ಯಂತ ಕಷ್ಟಕ್ಕೆ ಸಿಕ್ಕಿಸುವ ಪುಸ್ತಕ ಈ ದಪ್ಪನೆಯದು. ಸುಜಾನ್ ಕಾರ್ಕಿನ್ ಅವರ ‘ಪರ್ಮನೆಂಟ್ ಪ್ರೆಸೆಂಟ್ ಟೆನ್ಸ್’, 2013. ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಹುಡುಗನಿಗೆ ವಿಪರೀತ ಮೂರ್ಛೆರೋಗ. 1953ರಲ್ಲಿ, ಅವನಿಗೆ 27 ವರ್ಷವಿದ್ದಾಗ, ವಿಲಿಯಂ ಸ್ಕೋವಿಲ್ ಎಂಬ ಸರ್ಜನ್ ಮಿದುಳಿನ ಎರಡೂ ಕಡೆಯಿಂದ ಹಿಪ್ಪೊಕ್ಯಾಂಪಸ್ ಎಂಬ ಅಂಗದ ಬಹುಭಾಗವನ್ನೂ ಅದರ ಸುತ್ತಲಿನದನ್ನೂ ತೆಗೆದುಹಾಕಿದ. ಮೂರ್ಛೆ ಕಡಿಮೆಯಾಯಿತು. ಆದರೆ ಅಲ್ಲಿಂದಾಚೆ ಹೊಸದಾಗಿ ನಡೆದದ್ದು ಯಾವುದೂ ಹೆನ್ರಿಯಲ್ಲಿ ನಿಲ್ಲಲಿಲ್ಲ. ಈಗ ಮಾತಾಡಿಸಿದವರು ಹೊರಗೆ ಹೋಗಿ ಒಳಗೆ ಬಂದರೆ ಅವನಿಗೆ ಹೊಸಬರು.

ಕೆನಡಾದ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಗೆ ಕೊಟ್ಟ ಒಂದು ಕೆಲಸ ನನಗೆ ಬಹಳ ಇಷ್ಟ. ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಮನೆಯಲ್ಲಿ ಮಾಡಿ ನೋಡಿ, ಕೈ ಹೇಗೆ ಮೊಂಡುಬೀಳುತ್ತದೆ ಅಂತ. ಹೆನ್ರಿ ಮೂರು ದಿನ ಮಾಡಿದ. ಪ್ರತಿ ದಿನವೂ "ಇದನ್ನು ನಾನು ಯಾವತ್ತೂ ಮಾಡಿಲ್ಲ" ಅನ್ನುವ ಭಾವ. ಆದರೆ ಮೂರನೆಯ ದಿನ ಗೆರೆ ಸಲೀಸಾಗಿ ಹೋಯಿತು. ಅವನಿಗೆ ನೆನಪಿಲ್ಲದ್ದು ಅವನ ಕೈಗೆ ರೂಢಿಯಾಗಿತ್ತು. ನೆನಪು ಎನ್ನುವುದು ಒಂದೇ ಗೋದಾಮು ಅಲ್ಲ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಪ್ರಯೋಗ ನಾನು ಕಂಡಿಲ್ಲ. ಸೈಕಲ್ ಕಲಿತದ್ದು ಬೇರೆ ಕಡೆ ಕೂತಿದೆ, ಸೈಕಲ್ಲಿಂದ ಬಿದ್ದ ದಿನದ ಕಥೆ ಬೇರೆ ಕಡೆ.

ಕಾರ್ಕಿನ್ 1962ರಿಂದ 2008ರಲ್ಲಿ ಅವನು ತೀರಿಕೊಳ್ಳುವವರೆಗೂ ಅವನನ್ನು ಅಭ್ಯಾಸ ಮಾಡಿದರು. 46 ವರ್ಷ! ಹೆನ್ರಿಗೆ ಅವರು ಯಾರೆಂದು ಕೊನೆಗೂ ತಿಳಿಯಲಿಲ್ಲ, ಹೈಸ್ಕೂಲಿನಲ್ಲಿ ಜೊತೆಗಿದ್ದವಳಿರಬೇಕು ಅಂದುಕೊಳ್ಳುತ್ತಿದ್ದನಂತೆ. ಅವನು ಬದುಕಿರುವವರೆಗೂ ಪಠ್ಯಪುಸ್ತಕಗಳಲ್ಲಿ ಅವನು ಎರಡಕ್ಷರ ಮಾತ್ರ, ಎಚ್.ಎಂ. ಸತ್ತ ಮೇಲೆ ಹೆಸರು ಹೊರಬಿತ್ತು. ಮಾರನೆಯ ವರ್ಷ ಅವನ ಮಿದುಳನ್ನು ಹೆಪ್ಪುಗಟ್ಟಿಸಿ 2,401 ತೆಳು ಹಾಳೆಗಳಾಗಿ ಕೊಯ್ದರು. ಅದನ್ನು ಜಗತ್ತು ಇಂಟರ್ನೆಟ್ಟಿನಲ್ಲಿ ನೇರವಾಗಿ ನೋಡಿತು.

ಹಾಗಾದರೆ ಆ ಮಿದುಳು ಯಾರದು? ನಿನ್ನೆ ಕೊಟ್ಟ ಒಪ್ಪಿಗೆ ಇವತ್ತು ನೆನಪಿಲ್ಲದವನ ಪರವಾಗಿ ಹೂಂ ಅನ್ನಬೇಕಾದವರು ಯಾರು? 2016ರಲ್ಲಿ ಲ್ಯೂಕ್ ಡಿಟ್ರಿಚ್ ಎಂಬ ಪತ್ರಕರ್ತ ‘ಪೇಷಂಟ್ ಎಚ್.ಎಂ.’ ಅನ್ನುವ ಪುಸ್ತಕದಲ್ಲಿ ಇದನ್ನೇ ಕೆದಕಿ ಕಾರ್ಕಿನ್ ಕಡೆಗೂ ಬೆರಳು ತೋರಿಸಿದ. ಅವನು ಯಾರೆಂದುಕೊಂಡಿರಿ? ಆಪರೇಷನ್ ಮಾಡಿದ ಸ್ಕೋವಿಲ್ಲನ ಮಗಳ ಮಗ. ಪುಸ್ತಕ ಬರುವುದಕ್ಕೆ ಕೆಲವೇ ತಿಂಗಳ ಮುಂಚೆ ಕಾರ್ಕಿನ್ ತೀರಿಕೊಂಡಿದ್ದರು. ಅವರ ಪರವಾಗಿ ಬಹಳ ಜನ ವಿಜ್ಞಾನಿಗಳು ಎದ್ದು ನಿಂತರು. ನನ್ನ ಸಲಹೆ ಏನೆಂದರೆ ಎರಡನ್ನೂ ಒಟ್ಟಿಗೆ ಓದಿ, ಮೊದಲು ಕಾರ್ಕಿನ್. ನಾನು ಎರಡನ್ನೂ ಓದಿ ಯಾರ ಕಡೆಗೂ ಪೂರ್ತಿ ವಾಲಲಾರದೆ ಕೂತಿದ್ದೇನೆ.

ಫಿನಿಯಸ್ ಗೇಜ್ ಕಥೆ ನಿಮಗೆ ಗೊತ್ತಿರುತ್ತದೆ. 1848ರಲ್ಲಿ ಕಬ್ಬಿಣದ ಸಲಾಕೆ ತಲೆಯೊಳಗಿಂದ ತೂರಿಹೋದ ರೈಲ್ವೆ ಮೇಸ್ತ್ರಿ. ಬದುಕಿದ, ಆದರೆ ಸ್ವಭಾವ ಕೆಟ್ಟು ಪೋಲಿಯಾದ ಅಂತ ಪುಸ್ತಕದಿಂದ ಪುಸ್ತಕಕ್ಕೆ ಕಥೆ ಬೆಳೆದಿದೆ. ಅವನು ಆಮೇಲೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಬಂಡಿ ಓಡಿಸಿದ್ದನ್ನು ಹೇಳುವವರು ಕಡಿಮೆ. ನಾನೂ ಹೇಳಿರಲಿಲ್ಲ.

ಇನ್ನೊಂದು ಬಗೆಯ ಪುಸ್ತಕಗಳಿವೆ, ಒಬ್ಬರ ಕಥೆಯಲ್ಲ, ಎಲ್ಲರ ಕಥೆ. ಏರ್‌ಪೋರ್ಟಿನಲ್ಲಿ ಸಿಗುವಂಥವು. ಅವುಗಳಲ್ಲಿ ಉತ್ತಮವಾದದ್ದನ್ನೇ ತಂದಿದ್ದೇನೆ, ಡೇನಿಯಲ್ ಕಾನೆಮನ್ ಅವರ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’, 2011. ನೊಬೆಲ್ ಪಡೆದವರು, ಬರವಣಿಗೆ ಸೊಗಸು. ಆದರೆ ನಾಲ್ಕನೇ ಅಧ್ಯಾಯ ಓದುವಾಗ ಎಚ್ಚರ. ಮುದಿತನಕ್ಕೆ ಸಂಬಂಧಪಟ್ಟ ಪದಗಳನ್ನು ಓದಿದ ವಿದ್ಯಾರ್ಥಿಗಳು ಆಮೇಲೆ ನಿಧಾನವಾಗಿ ನಡೆದರು ಅನ್ನುವಂಥ ಪ್ರಯೋಗಗಳು ಅಲ್ಲಿವೆ. ಇವನ್ನು ನಂಬದಿರುವ ಆಯ್ಕೆಯೇ ನಿಮಗಿಲ್ಲ ಅಂತ ಕಾನೆಮನ್ ಬರೆದುಬಿಟ್ಟಿದ್ದರು. 2012ರಲ್ಲಿ ಬ್ರಸೆಲ್ಸ್‌ನಲ್ಲಿ ಅದೇ ಪ್ರಯೋಗ ಮತ್ತೆ ಮಾಡಿದಾಗ, ಮಾಡಿಸುವವರೇ ಅದನ್ನು ನಿರೀಕ್ಷಿಸಿದ್ದ ಕಡೆ ಬಿಟ್ಟರೆ ಯಾರೂ ನಿಧಾನವಾಗಲಿಲ್ಲ. 2017ರಲ್ಲಿ ಕಾನೆಮನ್ ತಾವೇ, ಪುಟ್ಟ ಪುಟ್ಟ ಪ್ರಯೋಗಗಳ ಮೇಲೆ ನಾನು ಅತಿಯಾಗಿ ಭರವಸೆ ಇಟ್ಟೆ ಅಂತ ಒಪ್ಪಿಕೊಂಡರು. ದೊಡ್ಡ ಮನುಷ್ಯರು. ಆದರೆ ಅಂಗಡಿಯಲ್ಲಿ ಸಿಗುವ ಪುಸ್ತಕಕ್ಕೆ ಆ ಒಪ್ಪಿಗೆ ಅಂಟಿಕೊಂಡು ಬರುವುದಿಲ್ಲವಲ್ಲ.

ಇನ್ನು, ಬಲ ಮಿದುಳು ಎಡ ಮಿದುಳು, ನಾವು ಶೇಕಡ 10 ಮಾತ್ರ ಬಳಸುತ್ತೇವೆ ಅನ್ನುವ ಪೊಳ್ಳು ಮಾತಿನ ಪುಸ್ತಕಗಳನ್ನು ಚೀಲಕ್ಕೇ ಹಾಕಿಲ್ಲ. ನಮ್ಮ ಬಡಾವಣೆಯಲ್ಲೇ ಕೆಲವು ವರ್ಷದ ಹಿಂದೆ "ಮಿಡ್‌ಬ್ರೈನ್ ಆಕ್ಟಿವೇಷನ್" ಅಂತ ಬೋರ್ಡ್ ಹಾಕಿ, ಕಣ್ಣಿಗೆ ಬಟ್ಟೆ ಕಟ್ಟಿದ ಮಕ್ಕಳಿಂದ ಪುಸ್ತಕ ಓದಿಸುತ್ತಿದ್ದರು. ಮೂಗಿನ ಪಕ್ಕದ ಸಂದಿಯಲ್ಲಿ ಮಕ್ಕಳಿಗೆ ಕಾಣುತ್ತದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಬಯಲಿಗೆಳೆದು ತೋರಿಸಿದ್ದಾರೆ. ಪಾಪ, ಫೀಸು ಕಟ್ಟಿದವರು ಆಟೋ ಓಡಿಸುವವರು, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರು.

ಈಗ ನಿಮ್ಹಾನ್ಸ್‌ಗೆ ಬರುತ್ತೇನೆ. ಅಲ್ಲಿನ ಮಿದುಳು ಮ್ಯೂಸಿಯಂ ನೋಡದೆ ಇದ್ದವರು ಕೈ ಎತ್ತಿ. ನೋಡಿ, ಇಷ್ಟು ಜನ! ಕಬ್ಬನ್ ಪಾರ್ಕಿನಷ್ಟು ಅದು ನಮಗೆ ಪರಿಚಿತವಾಗಬೇಕಿತ್ತು. ಒಂದು ವರ್ಷ ಒಂಬತ್ತನೇ ತರಗತಿಯವರನ್ನು ಕರೆದುಕೊಂಡು ಹೋಗಿದ್ದೆ. ಗ್ಲೌಸ್ ಹಾಕಿಕೊಂಡರೆ ನಿಜವಾದ ಮಿದುಳನ್ನು ಕೈಗೆ ಕೊಡುತ್ತಾರೆ. ಥರ್ಮೋಕೋಲ್ ಮಾಡೆಲ್ ಹಿಡಿದು ರೂಢಿಯಾದ ನನಗೆ ಅದರ ಭಾರಕ್ಕೆ ಎದೆ ಝಲ್ಲೆಂದಿತು. ಸುಮಾರು ಒಂದೂಕಾಲು, ಒಂದೂವರೆ ಕಿಲೋ. ಹುಡುಗರು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಳ್ಳುತ್ತ ಒಮ್ಮೆಲೇ ಸದ್ದಡಗಿದರು. ಆಗ ಒಬ್ಬ ಹುಡುಗ, ಪರೀಕ್ಷೆಯಲ್ಲಿ ಎಂದೂ ನೆಟ್ಟಗೆ ಉತ್ತರ ಬರೆಯದವನು, ಕೇಳಿದ: "ಮಿಸ್, ಇವರಿಗೆ ಕನ್ನಡ ಬರ್ತಿತ್ತಾ?"

ಬಹಳ ದಿನ ಆ ಪ್ರಶ್ನೆ ನನ್ನ ಜೊತೆ ಓಡಾಡಿತು. ಸ್ಟಾನಿಸ್ಲಾಸ್ ದೆಹೇನ್ ಅವರ ಈ ‘ರೀಡಿಂಗ್ ಇನ್ ದ ಬ್ರೈನ್’ 2009ರದ್ದು. ಬರವಣಿಗೆ ಹುಟ್ಟಿ ಐದು ಸಾವಿರ ವರ್ಷದ ಆಸುಪಾಸು. ಅಷ್ಟರಲ್ಲಿ ಮಿದುಳು ಓದಿಗೆಂದೇ ಹೊಸ ಅಂಗ ಬೆಳೆಸಿಕೊಳ್ಳಲು ಸಾಧ್ಯವಿಲ್ಲ. ಹಾಗಾಗಿ ಮುಖ, ವಸ್ತು ಗುರುತಿಸುತ್ತಿದ್ದ ಜಾಗದಲ್ಲಿ ಸ್ವಲ್ಪವನ್ನು ಅಕ್ಷರಕ್ಕೆ ಬಿಟ್ಟುಕೊಟ್ಟಿದೆ ಅನ್ನುತ್ತಾರೆ. ಎಡಭಾಗದಲ್ಲಿ ಹಿಂದುಗಡೆ ಇರುವ ಆ ಜಾಗಕ್ಕೆ ಅವರು ಇಟ್ಟ ಅಡ್ಡಹೆಸರು ಅಂಚೆ ಪೆಟ್ಟಿಗೆ. ಇಂಗ್ಲಿಷ್, ಫ್ರೆಂಚ್, ಚೀನೀ, ಜಪಾನಿ ಓದುಗರು ಈ ಪುಸ್ತಕದಲ್ಲಿ ತುಂಬಿಕೊಂಡಿದ್ದಾರೆ. ನಾನು ಹುಡುಕುತ್ತಿದ್ದದ್ದು ನಮ್ಮ ಕಾಗುಣಿತವನ್ನು, ಒತ್ತಕ್ಷರವನ್ನು. ಅದಕ್ಕೆ ಬೇರೆ ಕಡೆ ಹೋಗಬೇಕಾಯಿತು.

ಒಂದು ಆಟ ಆಡೋಣ. ‘ಕಮಲ’ದಲ್ಲಿ ಮೊದಲನೇ ಸದ್ದು ತೆಗೆದರೆ ಏನುಳಿಯುತ್ತದೆ? ನಗಬೇಡಿ, ನನ್ನ ಕ್ಲಾಸೂ ಹೀಗೇ ನಗುತ್ತಿತ್ತು. ಕನ್ನಡ ಓದಿದವರು ‘ಕ’ ಪೂರ್ತಿ ತೆಗೆಯುತ್ತಾರೆ, ಆಗ ಉಳಿಯುವುದು ಆ ಎರಡಕ್ಷರ. ಇಂಗ್ಲಿಷ್ ಶಾಲೆಯ ಮಗು ‘ಕ್’ ಮಾತ್ರ ತೆಗೆದು ‘ಅಮಲ’ ಅನ್ನಬಹುದು. ಇಂಗ್ಲಿಷ್ ಮಕ್ಕಳಿಗೆ ಓದು ಹತ್ತಬೇಕಾದರೆ ಪದವನ್ನು ಹೀಗೆ ಬಿಡಿ ಸದ್ದುಗಳಾಗಿ ಒಡೆಯಲು ಬರಲೇಬೇಕು ಅಂತ ಅಲ್ಲಿನ ಪುಸ್ತಕಗಳು ಹೇಳುತ್ತಿದ್ದ ಕಾಲದಲ್ಲೇ, ಮೈಸೂರಿನಲ್ಲಿ ಪ್ರತಿಭಾ ಕಾರಂತ, ಪ್ರಕಾಶ್ ಪಡಕಣ್ಣಾಯ ಮೊದಲಾದವರು ಕನ್ನಡ ಚೆನ್ನಾಗಿ ಓದುವವರೂ ಈ ಒಡೆಯುವ ಆಟದಲ್ಲಿ ಸೋಲಬಹುದು ಎಂದು ತೋರಿಸಿದರು. ಅವರ ಓದಿಗೇನೂ ಕೊರತೆಯಿರಲಿಲ್ಲ, ಅಕ್ಷರದ ಲೆಕ್ಕವೇ ಬೇರೆ. ನಮ್ಮ ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲಿ ಬರೆದದ್ದು ಇನ್ನೊಂದು ಮುಖ. ಇಂಗ್ಲಿಷಿನ 26 ಬೇಗ ಮುಗಿಯುತ್ತವೆ. ಕನ್ನಡದಲ್ಲಿ 49 ಕಲಿತರೆ ಆಗಲಿಲ್ಲ, ಗುಣಿತ ಒತ್ತು ಸೇರಿ ನೂರಾರು ರೂಪ. ಅವೆಲ್ಲ ಮಗುವಿನ ಹತೋಟಿಗೆ ಬರಲು ನಾಲ್ಕನೇ, ಐದನೇ ತರಗತಿವರೆಗೂ ಹಿಡಿಯುತ್ತದೆ. ಮೂರನೇ ಕ್ಲಾಸಿನ ಎಷ್ಟು ಮಕ್ಕಳಿಗೆ ನಾವು ದಡ್ಡ ಅಂತ ಹಣೆಪಟ್ಟಿ ಕಟ್ಟಿದೆವೋ!

ಆ ಹುಡುಗನ ಪ್ರಶ್ನೆಗೆ ಇನ್ನೂ ಹತ್ತಿರದ ಉತ್ತರ ಪುಸ್ತಕದಲ್ಲಿಲ್ಲ, ಒಂದು ಸಂಶೋಧನಾ ಲೇಖನದಲ್ಲಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಹೈದರಾಬಾದಿನ 648 ಮರೆವಿನ ಕಾಯಿಲೆಯವರನ್ನು ನೋಡಿ ಬರೆದದ್ದು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಡಿಮೆನ್ಷಿಯಾ ಶುರುವಾದದ್ದು ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಓದು ಬರಹ ಇಲ್ಲದವರಲ್ಲೂ ಇದು ಕಂಡಿತು, ಅದೇ ಮುಖ್ಯ, ಏಕೆಂದರೆ ಶಾಲೆಯ ಪುಣ್ಯ ಅಂತ ತಳ್ಳಿಹಾಕುವ ಹಾಗಿಲ್ಲ. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನೇ ಹೇಳಿಲ್ಲ, ಹಾಗಾಗಿ ನಾಳೆಯೇ ಯಾರೂ ಔಷಧಿ ಅಂದುಕೊಂಡು ತೆಲುಗು ಕ್ಲಾಸಿಗೆ ಸೇರಬೇಡಿ. ಆದರೆ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನಾಕೆ ನನ್ನ ಹತ್ತಿರ ಕನ್ನಡ, ಪಕ್ಕದವಳ ಹತ್ತಿರ ತಮಿಳು, ಗೋಣಿ ಹೊರುವವನ ಹತ್ತಿರ ಉರ್ದು ಆಡುವುದನ್ನು ನಿಂತು ನೋಡಿದರೆ, ಒಂದೇ ಭಾಷೆಯವರ ಮಿದುಳನ್ನು ಮಾದರಿ ಮಾಡಿಕೊಂಡು ಬರೆದ ಪುಸ್ತಕಗಳು ಇವಳಿಗೆ ಎಷ್ಟು ಒಪ್ಪುತ್ತವೆ ಅನ್ನಿಸುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಮಿದುಳು ಸಂಶೋಧನಾ ಕೇಂದ್ರದವರು ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಕೆಲಸ ಹಿಡಿದಿದ್ದಾರೆ. ಅಲ್ಲಿನ ಮನೆಮಾತು ಕನ್ನಡವೂ ಹೌದು, ತೆಲುಗೂ ಹೌದು.

ಕನ್ನಡದಲ್ಲಿ ಏನಿದೆ ಅಂತ ಕೇಳುತ್ತೀರಿ. ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ನಮ್ಮನ್ನು ನಗಿಸಿದವರು ಅಂತಷ್ಟೇ ನೆನಪಿಟ್ಟುಕೊಂಡಿದ್ದೇವೆ. ಮನಸ್ಸಿನ ಬಗೆಗಿನ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಬಸ್‌ಸ್ಟ್ಯಾಂಡಿನವರೆಗೂ ತಲುಪಿವೆ, ಎಷ್ಟೋ ಮನೆಯವರು ಅವನ್ನು ಓದಿಯೇ ಮಂತ್ರವಾದಿಯ ಬದಲು ವೈದ್ಯರ ಹತ್ತಿರ ಹೋದರು. ಸಲಹೆ ಕೊಡುವ ಪುಸ್ತಕಗಳಿಗೆ ನಮ್ಮಲ್ಲಿ ಬರವಿಲ್ಲ. ನನಗೆ ಬೇಕಾದದ್ದು ಒಬ್ಬರ ಮಂಚದ ಪಕ್ಕದಲ್ಲೇ ಇನ್ನೂರು ಪುಟ ಕೂತಿರುವ ಕನ್ನಡ ಪುಸ್ತಕ. "ಆಯ್ತು" ಅನ್ನುವ ಒಂದೇ ಪದವನ್ನು ದೊಡ್ಡಮ್ಮ ಎಷ್ಟು ಧಾಟಿಯಲ್ಲಿ ಹೇಳುತ್ತಿದ್ದರು ಅಂತ ಅಕ್ಕ ಒಂದು ಹಳೇ ಡೈರಿಯಲ್ಲಿ ಗುರುತು ಹಾಕಿಟ್ಟಿದ್ದಾಳೆ. ಹದಿನಾಲ್ಕು. ಬೇಡ ಅನ್ನುವುದಕ್ಕೇ ಮೂರು ಬಗೆ.

ಪುಸ್ತಕಗಳನ್ನೆಲ್ಲ ಈ ಮೇಜಿನ ಮೇಲೆ ಹರಡಿದ್ದೇನೆ, ತಿರುವಿ ನೋಡಿ. ಬೇಕಾದವರು ನೋಟ್‌ಬುಕ್ಕಿನಲ್ಲಿ ಹೆಸರು, ಫೋನ್ ನಂಬರ್ ಬರೆದು ತೆಗೆದುಕೊಂಡು ಹೋಗಿ. ಕಾರ್ಕಿನ್ ಮಾತ್ರ ಬಿಡಿ, ಅದು ಲೈಬ್ರರಿಯದು, ಸೋಮವಾರ ವಾಪಸ್ ಕೊಡಬೇಕು.