‘ಇನ್’ ಅಂದರೆ ಬರೀ ‘ಇಲ್ಲ’ ಅಲ್ಲ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಇಂಗ್ಲಿಷ್ ಕಲಿಸುವವರು, ಇಲ್ಲವೇ ಕಲಿಯುತ್ತಿರುವವರು. ಹಾಗಾಗಿ ಉಪಸರ್ಗ ಅಂದರೆ ಪದದ ತಲೆಗೆ ಅಂಟುವ ತುಣುಕು ಅನ್ನುವಲ್ಲಿಂದ ಶುರು ಮಾಡುವುದಿಲ್ಲ. ಉಪಸರ್ಗಗಳ ಪಟ್ಟಿ ನಿಮಗೆಲ್ಲ ಬಾಯಿಪಾಠ. ‘ರೀ’ ಅಂದರೆ ಮತ್ತೆ, ‘ಪ್ರೀ’ ಅಂದರೆ ಮೊದಲು, ‘ಅನ್’ ಅಂದರೆ ಇಲ್ಲ, ‘ಇನ್’ ಅಂದರೂ ಇಲ್ಲ. ನನ್ನ ತಕರಾರು ಇರುವುದೇ ಈ ಪಟ್ಟಿಯ ಮೇಲೆ. ಒಂದು ಉಪಸರ್ಗಕ್ಕೆ ಒಂದೇ ಅರ್ಥ ಅಂತ ಕಲಿಸಿಬಿಟ್ಟರೆ, ಮಕ್ಕಳು ಪದದ ಮೊದಲ ಎರಡು ಅಕ್ಷರ ಕಂಡ ಕೂಡಲೇ ಅರ್ಥ ತೀರ್ಮಾನ ಮಾಡಿ ಮುಂದೆ ಹೋಗುತ್ತಾರೆ. ಹಿಂದೆ ಏನಿದೆ ಅಂತ ನೋಡುವುದೇ ಇಲ್ಲ.

ಮೊದಲು ಧಾತು ನೋಡಿ, ಅಂದರೆ ಪದದ ಬೇರು, ಆಮೇಲೆ ಉಪಸರ್ಗ. ಇವತ್ತು ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

‘ಇನ್‌ಫ್ಲೇಮಬಲ್’ ಪದವನ್ನೇ ತೆಗೆದುಕೊಳ್ಳಿ. ನನಗೆ ತುಂಬಾ ಇಷ್ಟವಾದ ಉದಾಹರಣೆ ಇದು. ಪಟ್ಟಿಯ ಪ್ರಕಾರ ‘ಇನ್’ ಅಂದರೆ ಇಲ್ಲ, ‘ಫ್ಲೇಮ್’ ಅಂದರೆ ಜ್ವಾಲೆ, ಅಲ್ಲಿಗೆ ಇದು ಬೆಂಕಿ ಹೊತ್ತಿಕೊಳ್ಳದ ವಸ್ತು. ನಿಜವಾದ ಅರ್ಥ ನೇರ ಉಲ್ಟಾ: ಥಟ್ಟನೆ ಹೊತ್ತಿಕೊಳ್ಳುವಂಥದ್ದು! ಯಾಕೆಂದರೆ ಈ ಪದ ‘ಉರಿ ಹಚ್ಚು’ ಅನ್ನುವ ಲ್ಯಾಟಿನ್ ಕ್ರಿಯಾಪದದಿಂದ ಬಂದಿದ್ದು, ಅಲ್ಲಿ ‘ಇನ್’ ಅಂದರೆ ಒಳಗೆ. ಈಗ ಯೋಚನೆ ಮಾಡಿ, ಪೆಟ್ರೋಲ್ ತುಂಬಿದ ಡ್ರಮ್ಮಿನ ಮೇಲೆ ಈ ಪದ ಬರೆದಿದೆ, ಪಕ್ಕದಲ್ಲಿ ನಿಂತವನು ಪಟ್ಟಿ ಬಾಯಿಪಾಠ ಮಾಡಿದವನು. ವ್ಯಾಕರಣದ ತಪ್ಪಿಗೆ ಸಾಮಾನ್ಯವಾಗಿ ಅಂಕ ಹೋಗುತ್ತದೆ, ಇಲ್ಲಿ ಪ್ರಾಣ ಹೋಗಬಹುದು. ಇದು ಸುಮ್ನೆ ಹೇಳುವ ಮಾತಲ್ಲ. ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲೇ ಈ ಗೊಂದಲಕ್ಕೆ ಹೆದರಿ, ‘ಇನ್’ ಬಿಟ್ಟುಬಿಡಿ, ‘ಫ್ಲೇಮಬಲ್’ ಅಂತಲೇ ಬರೆಯಿರಿ ಎಂದು ಒತ್ತಾಯ ಶುರು ಮಾಡಿತು. ಬ್ರಿಟನ್ನಿನ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ ಕೂಡ 1959ರಲ್ಲಿ ಅದೇ ಸಲಹೆ ಕೊಟ್ಟಿತು. ನೂರಾರು ವರ್ಷ ಬಳಕೆಯಲ್ಲಿದ್ದ ಪದದ ಮೂತಿಯನ್ನೇ ಕತ್ತರಿಸಬೇಕಾಗಿ ಬಂತು, ನೋಡಿ. ಇವತ್ತಿಗೂ ಇಂಗ್ಲಿಷಿನಲ್ಲಿ ಎರಡೂ ಪದಗಳಿವೆ, ಎರಡಕ್ಕೂ ಒಂದೇ ಅರ್ಥ. ಅದೇ ಮನೆತನದ ‘ಇನ್‌ಫ್ಲಮೇಷನ್’ಗೆ ಡಾಕ್ಟರುಗಳು ಕನ್ನಡದಲ್ಲಿ ಉರಿಯೂತ ಅನ್ನುತ್ತಾರೆ. ಅಲ್ಲೂ ಉರಿ ಇದೆ, ‘ಇಲ್ಲ’ ಎಲ್ಲೂ ಇಲ್ಲ.

ಅಂದರೆ ಇಂಗ್ಲಿಷಿಗೆ ಬಂದಿರುವ ‘ಇನ್’ ಒಂದಲ್ಲ, ಎರಡು. ನೋಡಲು ಒಂದೇ ಥರ, ಹುಟ್ಟು ಬೇರೆ. ಒಂದು ‘ಒಳಗೆ’ ಅನ್ನುವುದು. ‘ಪೋರ್ಟ್’ ಅಂದರೆ ಹೊತ್ತು ತರುವುದು, ಹಾಗಾಗಿ ‘ಇಂಪೋರ್ಟ್’ ಅಂದರೆ ಆಮದು. ಇನ್ನೊಂದು ‘ಇಲ್ಲ’ ಅನ್ನುವುದು. ಇದು ನಮಗೆ ಗೊತ್ತಿರುವ ಸಂಸ್ಕೃತದ ‘ಅನ್’ ಇದೆಯಲ್ಲ, ಅದರ ದಾಯಾದಿ. ‘ಇನ್‌ಫಿನಿಟ್’ ಬಿಡಿಸಿ, ‘ಅನಂತ’ ಬಿಡಿಸಿ. ಎರಡರಲ್ಲೂ ಮೊದಲು ‘ಇಲ್ಲ’, ಆಮೇಲೆ ‘ಕೊನೆ’. ಪಕ್ಕಪಕ್ಕ ಇಟ್ಟರೆ ಒಂದೇ ಅಚ್ಚು ಅಲ್ವಾ?

ಇಲ್ಲೇ ನನಗೆ ಹುಮ್ಮಸ್ಸು ಜಾಸ್ತಿ. ಈ ಪದಗಳು ಕನ್ನಡ ಬಲ್ಲವರಿಗೆ ಕಷ್ಟ ಆಗಬೇಕಾಗಿಯೇ ಇಲ್ಲ. ‘ಇನ್‌ವ್ಯಾಲ್ಯುಯಬಲ್’ ಅಂದರೆ ಬೆಲೆ ಇಲ್ಲದ್ದು ಅಂತ ಎಷ್ಟೋ ಜನ ತಿಳಿದಿರುತ್ತಾರೆ. ಅದೇ ಜನ ‘ಅಮೂಲ್ಯ’ ಅಂದರೆ ಕೆಲಸಕ್ಕೆ ಬಾರದ್ದು ಅಂತ ಯಾವತ್ತಾದರೂ ಅಂದುಕೊಂಡಿದ್ದಾರೆಯೇ? ಎರಡೂ ಒಂದೇ ದಾರಿಯಲ್ಲಿ ಹುಟ್ಟಿದ ಪದಗಳು: ಬೆಲೆ ಕಟ್ಟಲಾಗದ್ದು. ಒಂದೇ ಉಪಸರ್ಗಕ್ಕೆ ಎರಡು ಮುಖ ಇರುವುದೂ ನಮಗೆ ಹೊಸದಲ್ಲ. ‘ವಿಫಲ’ದ ‘ವಿ’ ಇಲ್ಲ ಅನ್ನುತ್ತದೆ, ‘ವಿಜ್ಞಾನ’ದ ‘ವಿ’ ವಿಶೇಷ ಅನ್ನುತ್ತದೆ. ವಿಜ್ಞಾನ ಅಂದರೆ ಜ್ಞಾನ ಇಲ್ಲದ್ದು ಅಂತ ಯಾರೂ ಎಡವುವುದಿಲ್ಲ. ಕನ್ನಡದಲ್ಲಿ ಇರುವ ಈ ಎಚ್ಚರ ಇಂಗ್ಲಿಷ್ ತರಗತಿಗೆ ಹೋದ ಕೂಡಲೇ ಎಲ್ಲಿ ಹೋಗುತ್ತದೆ? ಪಟ್ಟಿ ಅದನ್ನು ಮಲಗಿಸಿಬಿಡುತ್ತದೆ. ಮೊದಲು ಧಾತು, ಆಮೇಲೆ ಉಪಸರ್ಗ.

‘ಇನ್’ ವೇಷ ಬದಲಿಸುವುದನ್ನೂ ಹೀಗೇ ಹೇಳಿಕೊಡಬಹುದು. ‘ಇಂಪಾಸಿಬಲ್’, ‘ಇಲ್ಲೀಗಲ್’, ‘ಇರ್ರೆಗ್ಯುಲರ್’ ಇವನ್ನೆಲ್ಲ ಬೇರೆ ಬೇರೆ ಉಪಸರ್ಗ ಅಂತ ಮಕ್ಕಳು ಉರು ಹೊಡೆಯುತ್ತಾರೆ. ಎಲ್ಲವೂ ಅದೇ ‘ಇನ್’. ‘ಸಂತೋಷ’ ಅನ್ನಿ, ‘ಸಂಪತ್ತು’ ಅನ್ನಿ. ಜೋರಾಗಿಯೇ ಹೇಳಿ, ಯಾರೂ ನಗುವುದಿಲ್ಲ. ‘ಪ’ ಬರುವ ಮುಂಚೆಯೇ ತುಟಿ ಮುಚ್ಚಿತು ತಾನೆ? ‘ಇನ್’ ಕೂಡ ಮುಂದಿನ ಅಕ್ಷರಕ್ಕೆ ತಕ್ಕ ಹಾಗೆ ಬದಲಾಗುತ್ತದೆ, ಅಷ್ಟೇ. ಆದರೆ ಇಲ್ಲೂ ಹುಷಾರು, ‘ಇರಿಗೇಷನ್’, ‘ಇಲ್ಯುಮಿನೇಷನ್’ ಇವುಗಳಲ್ಲಿ ಇರುವುದು ಒಳಗೆ ಅನ್ನುವ ‘ಇನ್’. ಒಂದು ನೀರು ಹಾಯಿಸುತ್ತದೆ, ಇನ್ನೊಂದು ಬೆಳಕು ಚೆಲ್ಲುತ್ತದೆ, ಯಾವುದೂ ಏನನ್ನೂ ಇಲ್ಲ ಅನ್ನುವುದಿಲ್ಲ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಇಂಗ್ಲಿಷಿನ ‘ಅನ್’ ಬಗ್ಗೆ ಒಂದೇ ಮಾತು. ಗುಣವಾಚಕಕ್ಕೆ ಸೇರಿದರೆ ‘ಅಲ್ಲ’, ಕ್ರಿಯಾಪದಕ್ಕೆ ಸೇರಿದರೆ ಮಾಡಿದ್ದನ್ನು ಬಿಚ್ಚುವುದು. ಅದಕ್ಕೇ ‘ಅನ್‌ಲಾಕಬಲ್’ ಅನ್ನುವ ಒಂದೇ ಪದಕ್ಕೆ ಎರಡು ಅರ್ಥ: ಬೀಗ ಹಾಕಲಾಗದ್ದು, ಬೀಗ ತೆಗೆಯಬಹುದಾದ್ದು. ಯಾವುದು ಅನ್ನುವುದನ್ನು ವಾಕ್ಯವೇ ಹೇಳಬೇಕು.

‘ಡಿಸ್’ಗೆ ಅರ್ಧ ಗಂಟೆ ಇಟ್ಟುಕೊಂಡಿದ್ದೆ, ಆಗುವುದಿಲ್ಲ. ಒಂದು ಜೋಡಿ ಮಾತ್ರ ಹೇಳಿಬಿಡುತ್ತೇನೆ. ‘ಅನ್‌ಇಂಟರೆಸ್ಟೆಡ್’ ಅಂದರೆ ಆಸಕ್ತಿ ಇಲ್ಲದವನು. ‘ಡಿಸ್‌ಇಂಟರೆಸ್ಟೆಡ್’ ಅಂದರೆ, ಎಚ್ಚರದಿಂದ ಬರೆಯುವವರ ಬಳಕೆಯಲ್ಲಿ, ಸ್ವಂತ ಲಾಭ ಇಲ್ಲದವನು, ಪಕ್ಷಪಾತ ಮಾಡದವನು. ನ್ಯಾಯಾಧೀಶರು ಎರಡನೆಯವರಾಗಿರಬೇಕು, ಮೊದಲನೆಯವರಾದರೆ ಕಕ್ಷಿದಾರರ ಗತಿ ಏನು! ‘ರೀ’, ‘ಪ್ರೀ’, ‘ಸಬ್’ ಹಾಗೇ ಉಳಿದವು. ಪ್ರಶ್ನೆಗಳಿದ್ದರೆ ಅವುಗಳಿಂದಲೇ ಶುರು ಮಾಡಿ.