ಮುಟ್ಟಿದರೆ ಮುನಿ ಮಡಚಿಕೊಳ್ಳುವುದು ಹೇಗೆ?

[ದೃಶ್ಯ: ವಿರಾಜಪೇಟೆ ಕಡೆಯ ಕಾಫಿ ತೋಟದ ಅಂಚು. ನೆಲಕ್ಕೆ ಹಬ್ಬಿದ ಗಿಡ.]

ನೋಡಿ, ತುದಿಯ ಎಲೆಯನ್ನಷ್ಟೇ ಮುಟ್ಟಿದೆ. ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತ ಬುಡದವರೆಗೂ ಬಂದು, ಕೊನೆಗೆ ತೊಟ್ಟೇ ಜೋತುಬಿತ್ತು. ಶಾಲೆಗೆ ಹೋಗುವ ದಾರಿಯಲ್ಲಿ ಈ ಆಟ ಆಡದ ಮಕ್ಕಳು ಕೊಡಗಿನಲ್ಲಿ ಇರಲಿಕ್ಕಿಲ್ಲ. ಮುಟ್ಟಿದರೆ ಮುನಿ ಎಂದರೆ ಮುನಿಸು, ನಾಚಿಕೆ ಮುಳ್ಳು ಎಂದರೆ ಲಜ್ಜೆ. ತೋಟದಲ್ಲಿ ಬಗ್ಗಿ ಕಳೆ ತೆಗೆಯುವವರ ಕೈಗೆ ಮಾತ್ರ ಮೊದಲು ಗೊತ್ತಾಗುವುದು ಮುಳ್ಳು.

ಇಷ್ಟು ಮನೆಮಾತಾದ ಗಿಡದ ಮೂಲ ಅಮೆರಿಕ ಖಂಡದ ಉಷ್ಣವಲಯ. ಅವರೆ, ತೊಗರಿಗಳ ಕುಟುಂಬದ್ದು. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಇದಕ್ಕೂ ಗಾಳಿಯ ಸಾರಜನಕವನ್ನು ಒದಗಿಸುತ್ತದೆ.

[ಹತ್ತಿರದ ದೃಶ್ಯ: ತೊಟ್ಟಿನ ಬುಡ.]

ತೊಟ್ಟು ಕಾಂಡವನ್ನು ಸೇರುವಲ್ಲಿ ಒಂದು ಉಬ್ಬು ಕಾಣುತ್ತಿದೆಯೇ? ಪ್ರತಿ ಕಿರುಎಲೆಯ ಬುಡದಲ್ಲೂ ಇಂಥದೇ ಪುಟ್ಟ ಉಬ್ಬಿದೆ. ಅದರ ಜೀವಕೋಶಗಳು ನೀರು ತುಂಬಿ ಬಿಗಿಯಾಗಿದ್ದಷ್ಟು ಹೊತ್ತು ಎಲೆ ಹರಡಿಕೊಂಡಿರುತ್ತದೆ. ಮುಟ್ಟಿದೊಡನೆ ವಿದ್ಯುತ್ ಸಂಕೇತ ಹೊರಡುತ್ತದೆ. ಉಬ್ಬಿನ ಒಂದು ಬದಿಯ ಕೋಶಗಳಿಂದ ಪೊಟ್ಯಾಸಿಯಂ, ಕ್ಲೋರೈಡ್ ಅಯಾನುಗಳು ಹೊರಬೀಳುತ್ತವೆ. ಅವುಗಳ ಬೆನ್ನಿಗೇ ನೀರು. ಆ ಬದಿ ಸಡಿಲವಾಗಿ ಎಲೆ ಮಡಚುತ್ತದೆ. ನರವೂ ಇಲ್ಲ, ಸ್ನಾಯುವೂ ಇಲ್ಲ! ಈ ಗಿಡದ ವಿದ್ಯುತ್ ಸ್ಪಂದನವನ್ನು ಜಗದೀಶಚಂದ್ರ ಬೋಸರು ನೂರು ವರ್ಷಗಳ ಹಿಂದೆಯೇ ತಾವೇ ರೂಪಿಸಿದ ಉಪಕರಣಗಳಿಂದ ಅಳೆದಿದ್ದರು.

ಏತಕ್ಕೆ ಈ ಪಾಡು? 2022ರಲ್ಲಿ ಜಪಾನಿನ ವಿಜ್ಞಾನಿಗಳು ಉಬ್ಬೇ ಇಲ್ಲದ, ಮಡಚಲಾರದ ಗಿಡಗಳನ್ನು ಬೆಳೆಸಿ ಮಿಡತೆಗಳ ಮುಂದಿಟ್ಟರು. ಮಡಚುವ ಗಿಡಕ್ಕಿಂತ ಅವನ್ನೇ ಮಿಡತೆಗಳು ಹೆಚ್ಚು ತಿಂದವು.

ಆದರೆ ಮಡಚಿದಷ್ಟು ಹೊತ್ತು ಬಿಸಿಲಿನ ಊಟ ಕಡಿಮೆ. ಹಾಗಾಗಿ ಸುಮ್ಮಸುಮ್ಮನೆ ಮುನಿಯುವುದು ಗಿಡಕ್ಕೆ ಗಿಟ್ಟುವುದಿಲ್ಲ. ನನ್ನನ್ನು ತುಂಬ ಕಾಡಿದ್ದು 2014ರಲ್ಲಿ ಪ್ರಕಟವಾದ, ವಿಜ್ಞಾನಿ ಮೋನಿಕಾ ಗಾಗ್ಲಿಯಾನೊ ಅವರ ಪ್ರಯೋಗ. ಕುಂಡವನ್ನು ಸುಮಾರು 15 ಸೆಂಟಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಮೆತ್ತಗೆ ಬೀಳಿಸಿದರು. ಮೊದಮೊದಲು ಎಲೆಗಳು ಮಡಚಿದವು, ಆಮೇಲೆ ಮಡಚುವುದನ್ನೇ ಬಿಟ್ಟವು. ದಣಿವೇ? ಅಲ್ಲ, ಬೇರೆ ಬಗೆಯಲ್ಲಿ ಕುಲುಕಿದರೆ ಕೂಡಲೇ ಮಡಚಿದವು. 28 ದಿನಗಳ ನಂತರ ಬೀಳಿಸಿದಾಗಲೂ ಎಲೆಗಳು ಬಿಚ್ಚಿಕೊಂಡೇ ಇದ್ದವು. ಮಿದುಳಿಲ್ಲದ ಜೀವದಲ್ಲಿ ಇದನ್ನು ನೆನಪು ಎನ್ನಬಹುದೇ ಎಂಬ ವಾದ ಇನ್ನೂ ನಡೆದಿದೆ. ನನಗಂತೂ ಬೇರೆ ಪದ ತೋಚುವುದಿಲ್ಲ.

[ದೃಶ್ಯ: ಮೊದಲು ಮುಟ್ಟಿದ ಎಲೆ.]

ಮುಟ್ಟಿದ ಎಲೆ ಇನ್ನೂ ಪೂರ್ತಿ ಬಿಚ್ಚಿಲ್ಲ. ಕೋಶಗಳಿಗೆ ನೀರು ಮರಳಲು ಕೆಲವು ನಿಮಿಷಗಳು ಬೇಕು. ಕ್ಯಾಮೆರಾ ಇಲ್ಲೇ ಇರಲಿ.